ಎಡಗಡೆಯ ಸಾಸಿವೆ

ಬ್ಯಾಡ್ಜಿನ ಪಿನ್ನು ಎದೆಯೊಳಕ್ಕೆ ಇಳಿದರೂ ಅನಸೂಯಾಗೆ ನೋವಾಗಲಿಲ್ಲ. ಆಗಬೇಕಿತ್ತು. ನರ್ಸಿಂಗ್ ಸೂಪರಿಂಟೆಂಡೆಂಟ್ ಸಾಯಿಲಕ್ಷ್ಮಿ ಮೇಡಂ ಕಂಕುಳಲ್ಲಿ ಹೂಗುಚ್ಛ ಒತ್ತಿಕೊಂಡು, ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದ ಹುಡುಗಿಯ ಕಡೆ ನಗುತ್ತ, ಎಲ್ಲಿಗೆ ಚುಚ್ಚುತ್ತಿದ್ದೇನೆಂದು ನೋಡದೆಯೇ ಚುಚ್ಚಿದ್ದರು. ಚುಚ್ಚಿ ಚುಚ್ಚಿ ಪಳಗಿದ ಕೈ. ಪಿನ್ನು ಬುಡದವರೆಗೂ ಹೋಗಿತ್ತು. ಬೇರೆ ಯಾರಾಗಿದ್ದರೂ ವಿಶಾಖಪಟ್ಟಣದ ಬಂದರಿನಲ್ಲಿ ನಿಂತ ಹಡಗಿಗೂ ಕೇಳುವ ಹಾಗೆ ಕೂಗಿಕೊಳ್ಳುತ್ತಿದ್ದರು. ಅನಸೂಯಾ ಫೋಟೋಗೆ ಹಲ್ಲು ತೋರಿಸಿಕೊಂಡು ನಿಂತಿದ್ದಳು. ನಗುತ್ತಿರುವಾಗಲೇ ಹೊಳೆಯಿತು: ಪಿನ್ನು ಹೊಕ್ಕಿರುವುದು ತನ್ನೊಳಗಲ್ಲ, ಅತ್ತೆ ಚೆನ್ನಮ್ಮ ಹೊಲಿದುಕೊಟ್ಟ ಚೀಲದೊಳಗೆ. ಎಡಗಡೆ ತನ್ನದು ಅಂತ ಇದ್ದದ್ದನ್ನು ವಿಜಯವಾಡದ ಡಾಕ್ಟರು ಕ್ಯಾನ್ಸರಿನ ಸಮೇತ ತೆಗೆದುಹಾಕಿ ತಿಂಗಳುಗಳೇ ಆಗಿದ್ದವು. ಈಗ ‘ಅಯ್ಯೋ’ ಎಂದರೆ ಸುಳ್ಳು, ಅನ್ನದಿದ್ದರೆ ಗುಟ್ಟು ರಟ್ಟು. ಎರಡರ ನಡುವಿನ ಸದ್ದೊಂದನ್ನು ಹುಡುಕಿ, ಸೀಟಿ ಹಾಕುವ ಮೊದಲು ಕುಕ್ಕರು ಅನುಮಾನಿಸುತ್ತದಲ್ಲ, ಅಂಥ ಒಂದು ‘ಸ್ಸ್’ ಬಿಟ್ಟಳು. “ನೊಪ್ಪಾ ಅಮ್ಮಾ?” ನೋಯಿತಾ ಎಂದು ಮೇಡಂ ಗಾಬರಿಯಾದರು. “ಲೇದು ಮೇಡಂ, ಕೊಂಚೆಂ” ಎಂದಳು. ಇಲ್ಲ, ಸ್ವಲ್ಪ. ಎರಡನ್ನೂ ಒಟ್ಟಿಗೆ. ಸುತ್ತ ನಿಂತಿದ್ದ ಸಿಸ್ಟರುಗಳೆಲ್ಲ ಚಪ್ಪಾಳೆ ತಟ್ಟಿದರು.

ಬ್ಯಾಡ್ಜನ್ನು ಅವಳು ಓದಿದ್ದು ಆಮೇಲೆ, ಲಿಫ್ಟಿನ ಕನ್ನಡಿಯಲ್ಲಿ, ಅದೂ ತಿರುಗಾಮುರುಗಾ. ‘ಅನಸೂಯಾ’ ಸರಿಯಾಗಿಯೇ ಇತ್ತು. ಅದರ ಕೆಳಗೆ ಇಷ್ಟು ವರ್ಷ ‘ವಾರ್ಡ್ ಇಂಚಾರ್ಜ್’ ಎಂದಿದ್ದ ಜಾಗದಲ್ಲಿ ‘ಪೇಷಂಟ್ ರಿಲೇಷನ್ಸ್’ ಎಂದು ಬಂದು ಕೂತಿತ್ತು. ಮೇಡಂ ಅದನ್ನು ಪ್ರಸಾದ ಹಂಚುವವರ ದನಿಯಲ್ಲಿ ವಿವರಿಸಿದ್ದರು: ನಾಳೆಯಿಂದ ಕೆಳಗಡೆ ರಿಸೆಪ್ಷನ್ ಪಕ್ಕದಲ್ಲಿ ಒಂದು ಮೇಜು, ಎಸಿ, ಸುತ್ತ ತಿರುಗುವ ಕುರ್ಚಿ. ಯಾರನ್ನೂ ಎತ್ತುವುದಿಲ್ಲ, ಇಳಿಸುವುದಿಲ್ಲ, ಬಂದವರಿಗೆ ನಮಸ್ಕಾರ ಹೇಳುವುದು, ಹೋಗುವವರಿಗೆ ‘ಹೇಗಿತ್ತು’ ಎಂದು ಕೇಳುವುದು. ಇವತ್ತೊಂದು ದಿನ ಮೇಲಿನ ವಾರ್ಡಿಗೆ ಹೋಗಿ, ಕೈಕೆಳಗಿದ್ದ ಸಿಸ್ಟರ್ ಹೇಮಾಕ್ಷಿಗೆ ಎಲ್ಲ ಒಪ್ಪಿಸಿ ಬಂದರೆ ಸಾಕು. ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ರೈಲಿನಲ್ಲಿ ಬರುವಾಗ ಅನಸೂಯಾ ಒಂದು ಭಾಷಣ ಕಟ್ಟಿಕೊಂಡು ಬಂದಿದ್ದಳು. ‘ಮೇಡಂ, ನನಗೆ ನನ್ನ ವಾರ್ಡೇ ಬೇಕು, ಕುರ್ಚಿಯಲ್ಲಿ ಕೂತು ಕೂತು ನನಗೆ ಬೇಜಾರಾಗಿದೆ, ಡಾಕ್ಟರು ಫಿಟ್ ಅಂದಿದ್ದಾರೆ, ಎಡಗೈಯಲ್ಲಿ ಭಾರ ಎತ್ತಬಾರದು ಅಷ್ಟೇ, ಚುಚ್ಚುವುದು ಬಲಗೈ.’ ಅನಕಾಪಲ್ಲಿ ದಾಟುವ ಹೊತ್ತಿಗೆ ಅದಕ್ಕೆ ಪಾಕ ಬಂದಿತ್ತು. ಆದರೆ ಮೇಡಂ ಮುಂದೆ ಬಾಯಿ ಬಿಟ್ಟಾಗ ಹೊರಬಂದದ್ದು ಎರಡೇ ಪದ. “ಸರಿ ಮೇಡಂ.” ಆ ದನಿ ಅವಳದಾಗಿರಲಿಲ್ಲ. ಅದು ವಿಜಯವಾಡದ ಆಸ್ಪತ್ರೆಯಲ್ಲಿ ಕಿಟಕಿ ಪಕ್ಕದ ಮಂಚದಲ್ಲಿ ಮಲಗಿರುತ್ತಿದ್ದ ಒಬ್ಬ ಹೆಂಗಸಿನದು. ಕೈ ಕೊಡು ಎಂದರೆ ಕೈ, ಕಾಲು ಎಂದರೆ ಕಾಲು, ವಾಂತಿ ಬಂತಾ ಎಂದರೆ ‘ಬಂತು ಮೇಡಂ, ಸಾರಿ ಮೇಡಂ’. ಆ ಮಂಚದ ಚಾರ್ಟಿನಲ್ಲಿದ್ದದ್ದೂ ಅನಸೂಯಾ ಎಂಬ ಹೆಸರೇ.

ಚೀಲದ ಕಥೆ ಹೀಗೆ. ಅಂಗಡಿಯಿಂದ ತಂದ ಸಿಲಿಕಾನಿನದು ಒಂದಿತ್ತು, ಈಗಲೂ ಡಬ್ಬಿಯಲ್ಲಿದೆ. ವಿಜಯವಾಡದ ಬೆವರಿಗೆ ಅದು ಬೇಸಿಗೆ ರಜೆಗೆ ಬಂದ ನೆಂಟನ ಹಾಗೆ ಅಂಟಿಕೊಂಡುಬಿಡುತ್ತಿತ್ತು, ಬಿಡು ಎಂದರೂ ಬಿಡುತ್ತಿರಲಿಲ್ಲ. ಸೊಸೆಯ ಆರೈಕೆಗೆಂದು ಹಾವೇರಿಯಿಂದ ವಿಜಯವಾಡಕ್ಕೆ ಬಂದು ಕೂತಿದ್ದ ಚೆನ್ನಮ್ಮ ಅದನ್ನು ಒತ್ತಿ ನೋಡಿ, “ಇದೇನ್ಲೇ ಇದು, ಜೀವಿಲ್ಲದ ಇಡ್ಲಿ” ಎಂದು ತೀರ್ಪು ಕೊಟ್ಟು, ತನ್ನ ಹಳೆಯ ಇಳಕಲ್ ಸೀರೆಯೊಂದನ್ನು ಕತ್ತರಿಸಿ ಚೀಲ ಹೊಲಿದಳು. ಮೊದಲು ಹತ್ತಿ ತುಂಬಿದಳು. ಹತ್ತಿಗೆ ತೂಕವಿಲ್ಲದೆ ಎಡಭುಜ ಮೇಲೇರಿ, ಅನಸೂಯಾ ಸದಾಕಾಲ ‘ನನಗೇನ್ ಗೊತ್ತು’ ಅನ್ನುವವಳ ಹಾಗೆ ಕಾಣತೊಡಗಿದಳು. ಗ್ಯಾಸಿನವನು ಸಿಲಿಂಡರ್ ಎಲ್ಲಿಡಲಿ ಎಂದು ಕೇಳಿ, ಇವಳ ಭುಜ ನೋಡಿ ಸಿಟ್ಟಾಗಿ ಹೊರಗೇ ಇಟ್ಟುಹೋದ. ಅಕ್ಕಿ ಹಾಕಿದರೆ ಹುಳ ಹಿಡಿಯುತ್ತದೆ. ಕೊನೆಗೆ ಚೆನ್ನಮ್ಮ ಅಡುಗೆಮನೆಯ ಡಬ್ಬಿಯನ್ನೇ ಎತ್ತಿಕೊಂಡು ಬಂದಳು. “ಸಾಸಿವಿ ಹಾಕ್ತೀನಿ. ತಂಪ ಇರ್ತದ, ತೂಕಾನೂ ಬರ್ತದ, ಮ್ಯಾಲ ಯಾರ ದೃಷ್ಟೀನೂ ತಾಗೂದಿಲ್ಲ.” “ಮತ್ತ ಒಗ್ಗರಣಿಗೆ ಏನ ಮಾಡ್ತೀರಿ ಅತ್ತಿ?” ಎಂದು ಅನಸೂಯಾ ಕೇಳಿದಳು. “ನೀ ಒಂಚೂರ ಬಗ್ಗು, ಒಂದ್ ಚಮಚಾ ತಕ್ಕೋತೀನಿ” ಎಂದಳು ಚೆನ್ನಮ್ಮ. ಆಪರೇಷನ್ ಆದಮೇಲೆ ಇಬ್ಬರೂ ಹೊಲಿಗೆ ಹಿಡಿದುಕೊಂಡು ನಕ್ಕದ್ದು ಅವತ್ತೇ ಮೊದಲು. ಒಬ್ಬಳು ಎದೆಯ ಹೊಲಿಗೆ, ಇನ್ನೊಬ್ಬಳು ಚೀಲದ ಹೊಲಿಗೆ.

ವಾರ್ಡಿನ ಬಾಗಿಲು ತಳ್ಳುವಾಗ ಅವಳಿಗೆ ಅವತ್ತಿನ ನಗು ನೆನಪಾಗಲಿಲ್ಲ, ತನ್ನ ಕೂದಲು ನೆನಪಾಯಿತು. ಮೊಣಕೈವರೆಗೆ ಇಳಿಯುತ್ತಿದ್ದ ನೆಟ್ಟಗಿನ ಜಡೆ ಹೋಗಿ, ಕೀಮೋ ಆದಮೇಲೆ ಕುರಿಮರಿಯ ಹಾಗೆ ಗುಂಗುರು ಬಂದಿತ್ತು. “ಪಾರ್ಲರ್ ಏದಿ ಮೇಡಂ?” ಯಾವ ಪಾರ್ಲರು ಎಂದು ಲಿಫ್ಟಿನಲ್ಲಿ ಒಬ್ಬಳು ಕೇಳಿಯೂ ಆಗಿತ್ತು. ಎಲ್ಲರೂ ಕುರ್ಚಿ ಕೊಡುತ್ತಿದ್ದರು. ಒಬ್ಬಳು ಎಳನೀರು ತಂದಳು, ಇನ್ನೊಬ್ಬಳು ಅದೇ ಎಳನೀರಿಗೆ ಸ್ಟ್ರಾ ತಂದಳು, ಮೂರನೆಯವಳು ಸ್ಟ್ರಾವನ್ನು ಇವಳ ಬಾಯಿಯವರೆಗೂ ತಂದಳು. ಇಷ್ಟು ದಿನ ಇವಳು ಬೇರೆಯವರಿಗೆ ಮಾಡುತ್ತಿದ್ದದ್ದೆಲ್ಲ ಬಡ್ಡಿ ಸಮೇತ ವಾಪಸ್ಸು ಬರುತ್ತಿತ್ತು. ಹುಬ್ಬಳ್ಳಿಯ ನರ್ಸಿಂಗ್ ಹಾಸ್ಟೆಲ್ಲಿನಲ್ಲಿ ಅನಸೂಯಾ ಎಂದರೆ ಮಿಮಿಕ್ರಿ. ವಾರ್ಡನ್ನಿನ ಕೆಮ್ಮಿನಿಂದ ಹಿಡಿದು ಅವರ ನಾಯಿಯ ಕೆಮ್ಮಿನವರೆಗೆ. ವಿಜಯವಾಡದ ಕೀಮೋ ಕೋಣೆಯಲ್ಲಿ ಸಲೈನಿನ ಸರದಿ ಕಾಯುತ್ತ ಕೂತ ಹೆಂಗಸರಿಗೆ ಅವಳು ಎಲ್ಲರನ್ನೂ ಮಾಡಿ ತೋರಿಸಿದ್ದಳು: ದೊಡ್ಡ ಡಾಕ್ಟರು ಕನ್ನಡಕ ಒರೆಸುತ್ತ ‘ವೆರಿ ಗುಡ್, ವೆರಿ ಗುಡ್’ ಎಂದು ಕೆಟ್ಟ ಸುದ್ದಿ ಹೇಳುವುದು, ಡಯಟೀಷಿಯನ್ ಹುಡುಗಿ ಬೀಟ್‌ರೂಟಿನ ಹೆಸರು ಹೇಳುವಾಗ ಕಣ್ಣು ಮುಚ್ಚುವುದು, ತನ್ನ ಗಂಡ ಮಹಾಬಲೇಶ್ವರ ಸೂಜಿ ಕಂಡೊಡನೆ ‘ನಾ ಪಾರ್ಕಿಂಗ್ ನೋಡಿ ಬರ್ತೀನಿ’ ಎಂದು ಹೋಗುವುದು. ಹೆಸರಿಗೆ ಮಹಾಬಲ, ರಕ್ತ ಕಂಡರೆ ದುರ್ಬಲ. ವಿಜಯವಾಡದ ಒನ್ ಟೌನಿನ ಬ್ಯಾಂಕ್ ಶಾಖೆಗೆ ಅವನಿಗೆ ವರ್ಗವಾಗಿದ್ದದ್ದೇ ಅನುಕೂಲವಾಗಿ, ಚಿಕಿತ್ಸೆಗೆ ಅವಳು ಆ ಊರನ್ನೇ ಆರಿಸಿಕೊಂಡಿದ್ದಳು. ಎಲ್ಲರಿಗೂ ಹೇಳಿದ ಕಾರಣ ಅದು. ಹೇಳದ ಕಾರಣ, ಹಿಂದುಗಡೆ ತೆರೆದಿರುವ ಆ ಗೌನು. ತನ್ನದೇ ಸಿಸ್ಟರುಗಳ ಮುಂದೆ ಅದನ್ನು ತೊಟ್ಟು, ಹಿಂದೆ ಕೈಯಿಟ್ಟುಕೊಂಡು ನಡೆಯುವುದು ಅವಳಿಂದಾಗುತ್ತಿರಲಿಲ್ಲ. ಏಕೆಂದರೆ ಹಾಗೆ ನಡೆಯುವವರ ಮಿಮಿಕ್ರಿಯನ್ನು ಟೀ ಹೊತ್ತಿನಲ್ಲಿ ಅವರಿಗೆ ಮಾಡಿ ತೋರಿಸಿದ್ದವಳೂ ಅವಳೇ.

ಹೀಗೆ ಜಗತ್ತಿನ ಎಲ್ಲರ ದನಿಯೂ ಗಂಟಲಲ್ಲಿ ಸಾಲಾಗಿ ನಿಂತಿರುವಾಗ, ಸಿಸ್ಟರ್ ಅನಸೂಯಾಳ ದನಿಯೊಂದು ಮಾತ್ರ ಕರೆದರೆ ಬರುತ್ತಿರಲಿಲ್ಲ. ಇದು ಅವಳಿಗೆ ಸ್ಪಷ್ಟವಾದದ್ದು ದುರ್ಗಾಪ್ರಸಾದರ ಮಂಚದ ಬಳಿ. ದುರ್ಗಾಪ್ರಸಾದ್ ಅನಕಾಪಲ್ಲಿಯ ಬೆಲ್ಲದ ವ್ಯಾಪಾರಿ, ಬೆಲ್ಲದ ಊರಿನ ಸಕ್ಕರೆ ಕಾಯಿಲೆ. ಕಾಲಿನ ಹುಣ್ಣಿಗೆಂದು ವರ್ಷಕ್ಕೊಮ್ಮೆಯಾದರೂ ಬಂದು ಮಲಗುವ ಹಳೆಯ ಗಿರಾಕಿ. ಅವರ ಕೈಯ ನರ ಸಿಗುವುದು ದೇವರು ಸಿಕ್ಕಷ್ಟೇ ಕಷ್ಟ, ಸಿಕ್ಕಿದರೆ ಅನಸೂಯಾಗೇ. ಬೆಳಗಿನ ಆ್ಯಂಟಿಬಯಾಟಿಕ್ ಟ್ರೇ ಹಿಡಿದು ಅವಳು ಅವರ ಮುಂದೆ ನಿಂತಳು. ಯಾವ ಔಷಧಿ ಕೊಡುವ ಮೊದಲೂ ರೋಗಿಯ ಬಾಯಿಂದಲೇ ಹೆಸರು, ಹುಟ್ಟಿದ ತಾರೀಖು ಹೇಳಿಸಬೇಕು. ಎಷ್ಟೇ ಪರಿಚಯದವರಾದರೂ ಸರಿ, ಮಾವನೇ ಆದರೂ ಸರಿ. ಆಂಧ್ರಕ್ಕೆ ಬಂದ ಹೊಸದರಲ್ಲಿ ‘ಪೇರು ಚೆಪ್ಪಂಡಿ’, ಹೆಸರು ಹೇಳಿ, ಎನ್ನುವಾಗೆಲ್ಲ ಅವಳಿಗೆ ಹಾವೇರಿಯ ಪೇರು ಹಣ್ಣು ನೆನಪಾಗಿ ಬಾಯಲ್ಲಿ ನೀರೂರುತ್ತಿತ್ತು. ಸಾವಿರಾರು ಸಲ ಕೇಳಿದ ಪ್ರಶ್ನೆ. ಆದರೆ ಕಳೆದ ಅಷ್ಟೂ ತಿಂಗಳು ಅವಳು ಅದನ್ನು ಕೇಳಿರಲಿಲ್ಲ, ಉತ್ತರಿಸಿದ್ದಳು. ನಿದ್ದೆಗಣ್ಣಿನಲ್ಲಿ, ವಾಂತಿಯ ನಡುವೆ, ಒಮ್ಮೆ ಬರೀ ಕಾಫಿ ಕೊಡಲು ಬಂದವನಿಗೂ. ಟ್ರೇ ಎತ್ತಿದಳು, ಬಾಯಿ ತೆರೆದಳು, ದುರ್ಗಾಪ್ರಸಾದರ ಕಣ್ಣನ್ನೇ ನೋಡುತ್ತ, ತೆಳ್ಳಗಿನ ವಿಧೇಯ ದನಿಯಲ್ಲಿ ತನ್ನ ಹೆಸರನ್ನೂ ಹುಟ್ಟಿದ ತಾರೀಖನ್ನೂ ಒಪ್ಪಿಸಿ, ಬಲಗೈಯನ್ನು ಅವರ ಕಡೆ ಚಾಚಿದಳು.

ದುರ್ಗಾಪ್ರಸಾದ್ ಒಂದು ಗಳಿಗೆ ಯೋಚಿಸಿದರು. “ಚಾಲಾ ಸಂತೋಷಂ ಅಮ್ಮಾ” ಎಂದರು ಗಂಭೀರವಾಗಿ. “ಕಾನೀ ನಾಕು ಪೆಳ್ಳಯಿಪೋಯಿಂದಿ.” ಬಹಳ ಸಂತೋಷ, ಆದರೆ ನನಗೆ ಮದುವೆಯಾಗಿಹೋಗಿದೆ. ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತಿದ್ದ ಅವರ ಹೆಂಡತಿ ಸೆರಗು ಸರಿಪಡಿಸಿಕೊಂಡು ಈ ಹೊಸ ವಧುವನ್ನು ಗುಂಗುರಿನಿಂದ ಚಪ್ಪಲಿಯವರೆಗೆ ನೋಡಿದಳು. ಹಿಂದಿನಿಂದ ಹೇಮಾಕ್ಷಿ ಬಂದು, ಮಗುವಿನ ಕೈಯಿಂದ ಕತ್ತರಿ ಬಿಡಿಸಿಕೊಳ್ಳುವ ಹಾಗೆ ಟ್ರೇಯನ್ನು ಮೆಲ್ಲಗೆ ಬಿಡಿಸಿಕೊಂಡಳು. “ನೇನು ಚೂಸ್ಕುಂಟಾನು ಮೇಡಂ. ಮೀರು ಕೂರ್ಚೋಂಡಿ.” ನಾನು ನೋಡಿಕೊಳ್ಳುತ್ತೇನೆ, ನೀವು ಕೂತುಕೊಳ್ಳಿ. ಅವಳು ಬೈದಿದ್ದರೆ, ಕಡೇಪಕ್ಷ ಕಿಸಕ್ಕೆಂದಿದ್ದರೆ ಅನಸೂಯಾಗೆ ಒಂದಿಷ್ಟು ಮರ್ಯಾದೆ ಉಳಿಯುತ್ತಿತ್ತು. ಹೇಮಾಕ್ಷಿಯ ಮುಖದಲ್ಲಿ ಇದ್ದದ್ದು ಬರೀ ಕರುಣೆ. ನಾಳೆಯಿಂದ ನೀನು ಕೆಳಗೆ ಕೂರುವುದೇ ಒಳ್ಳೆಯದು ಎನ್ನುವಂಥ, ಟರ್ಕಿ ಟವಲ್ಲಿನಂಥ ಮೆತ್ತನೆಯ ಕರುಣೆ.

ಅವಳು ಬೆಡ್‌ಶೀಟು ಇಡುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಶೀಟುಗಳು ಬಿಸಿಲಿನ ವಾಸನೆ ಸೂಸುತ್ತಿದ್ದವು. ಅವುಗಳ ಮುಂದೆ ನಿಂತು ಮೆಲ್ಲಗೆ, “ನಿಮ್ಮ ಹೆಸರು ಹೇಳಿ” ಎಂದು ನೋಡಿದಳು. ಡಯಟೀಷಿಯನ್ ಹುಡುಗಿಯ ದನಿ ಬಂತು. ಇನ್ನೊಮ್ಮೆ ಎಂದಳು. ದೊಡ್ಡ ಡಾಕ್ಟರು ಬಂದರು, ವೆರಿ ಗುಡ್. ಮತ್ತೊಮ್ಮೆ ಗಟ್ಟಿಮನಸ್ಸು ಮಾಡಿ ಎಂದಾಗ ಕಿಟಕಿ ಪಕ್ಕದ ಮಂಚದವಳು ಬಂದು ‘ಸಾರಿ ಮೇಡಂ’ ಎಂದಳು. ತನ್ನ ದನಿ ಹೇಗಿತ್ತು? ತನ್ನ ದನಿಯನ್ನು ಯಾರೂ ತಾವೇ ಕೇಳಿಸಿಕೊಂಡಿರುವುದಿಲ್ಲ, ಒಳಗಿನಿಂದ ಅದು ಬರೀ ಯೋಚನೆಯ ಹಾಗಿರುತ್ತದೆ. ಹಾಗೆ ಅಂದುಕೊಳ್ಳುತ್ತಿರುವಾಗಲೇ ಗೋಡೆಯಾಚೆಯಿಂದ ಅದು ಕೇಳಿಸಿತು. ಎತ್ತರದ, ತುಸು ಒಡೆದ, ಯಾರಿಗೂ ಕ್ಯಾರೇ ಅನ್ನದ ಒಂದು ಹೆಂಗಸಿನ ದನಿ: “ಏಮಂಡಿ ಫಣಿಗಾರು! ಆ ಚೆಯ್ಯಿ ಇಟು ಇವ್ವಂಡಿ. ಮೀ ಚೆಯ್ಯಿ ನಾಕೆಂದುಕು, ಮಳ್ಳೀ ಇಚ್ಚೇಸ್ತಾ. ಚೀಮ ಕುಟ್ಟಿನಟ್ಟು, ಅಂತೇ ರೀ!” ಕೈ ಕೊಡಿ, ನಿಮ್ಮ ಕೈ ನನಗ್ಯಾಕೆ, ವಾಪಸ್ಸು ಕೊಟ್ಟುಬಿಡುತ್ತೇನೆ, ಇರುವೆ ಕಚ್ಚಿದ ಹಾಗೆ, ಅಷ್ಟೇ ರೀ. ತೆಲುಗಿನ ಬಾಲಕ್ಕೆ ಹಾವೇರಿಯ ‘ರೀ’ ಕಟ್ಟಿಬಿಡುವ ಆ ಚಟ ಈ ಊರಿನಲ್ಲಿ ಒಬ್ಬಳಿಗೆ ಮಾತ್ರ ಇತ್ತು. ಅನಸೂಯಾಗೆ ರೋಮಾಂಚನವಾಯಿತು. ಕೂದಲು ನಿಮಿರಬೇಕಿತ್ತು, ಗುಂಗುರಾದ್ದರಿಂದ ಅದಕ್ಕೆ ಯಾವ ಕಡೆ ನಿಮಿರುವುದೆಂದು ತಿಳಿಯಲಿಲ್ಲ.

ಹೊರಗೆ ಬಂದು ಫಣಿಯ ಮಂಚದ ಪರದೆ ಸರಿಸಿದಳು. ಫಣಿ ಭೀಮುನಿಪಟ್ಟಣದಲ್ಲಿ ಫೋಟೋ ಸ್ಟುಡಿಯೋ ಇಟ್ಟವನು, ಊರಿಗೆಲ್ಲ ‘ನಗಿ’ ಎನ್ನುವವನು; ನಾಳೆ ಪಿತ್ತಕೋಶದ ಆಪರೇಷನ್ ಎಂದು ಇವತ್ತೇ ಅಳುಮುಖ ಮಾಡಿ ಮಲಗಿದ್ದ. ಅವನ ಕೈಯಲ್ಲಿ ಸೂಜಿ ಸಲೀಸಾಗಿ ಕೂತಿತ್ತು. ಸೂಜಿಯ ಇನ್ನೊಂದು ತುದಿಯಲ್ಲಿ ಹೇಮಾಕ್ಷಿ ನಾಲಿಗೆ ಕಚ್ಚಿಕೊಂಡಿದ್ದಳು. “ಸಾರೀ ಮೇಡಂ, ಸಾರೀ ಸಾರೀ. ತಮಾಷೆಗೆ ಅಲ್ಲ ಮೇಡಂ. ನೀವು ಹೋದಮೇಲೆ ಪೇಷಂಟುಗಳೆಲ್ಲ ‘ಆ ರೀ ಮೇಡಂ ಎಲ್ಲಿ’ ಅಂತ ಕೇಳೋರು. ಸೂಜಿ ಹಿಡಿದರೆ ನನ್ನ ಕೈ ನಡುಗೋದು. ಒಂದು ದಿನ ಪರದೆ ಎಳೆದು ನಿಮ್ಮ ಥರ ಮಾತಾಡಿದೆ. ಕೈ ನಿಂತುಬಿಡ್ತು ಮೇಡಂ, ಅವರದೂ, ನಂದೂ. ಈಗ ಇಡೀ ವಾರ್ಡೇ ಹಂಗೇ ನಡೀತಿದೆ.” ಅನಸೂಯಾ ಅವಳನ್ನು ಎಳೆದುಕೊಂಡು ಹೋಗಿ ಬೆಡ್‌ಶೀಟಿನ ಕೋಣೆಯಲ್ಲಿ ನಿಲ್ಲಿಸಿದಳು. ಹೇಮಾಕ್ಷಿ ಕೆಲಸವೇ ಹೋಯಿತೆಂದುಕೊಂಡಳು. “ಇನ್ನೊಂದ್ಸಲ ಮಾಡು” ಎಂದಳು ಅನಸೂಯಾ. ಹೇಮಾಕ್ಷಿ ಮಾಡಿದಳು. ಅನಸೂಯಾ ತಾನೂ ಅಂದು ನೋಡಿದಳು: “ಆ ಚೆಯ್ಯಿ ಇಟು ಇವ್ವಂಡಿ ರೀ.” ಹೇಮಾಕ್ಷಿ ತಲೆ ಅಡ್ಡಡ್ಡ ಆಡಿಸಿದಳು. “ಕಾದು, ಹಂಗಲ್ಲ ಮೇಡಂ. ನೀವು ಹಂಗೆ ಮಾತಾಡಲ್ಲ. ನೀವು ಬೇಡಿಕೊಳ್ತಾ ಇದೀರ. ನೀವು ಬೇಡಲ್ಲ ಮೇಡಂ, ನೀವು ತಗೋತೀರ. ಸೊಂಟದ ಮೇಲೆ ಕೈ ಇಡಿ. ಗದ್ದ ಮೇಲೆ. ‘ರೀ’ ಅಂದಾಗ ಸ್ವಲ್ಪ ಮುಂದಕ್ಕೆ ಬಾಗಬೇಕು, ಜಗಳಕ್ಕೆ ಬಂದ ಹಾಗೆ.” ಅನಸೂಯಾ ಸೊಂಟದ ಮೇಲೆ ಕೈಯಿಟ್ಟಳು, ಗದ್ದ ಎತ್ತಿದಳು, ಬಾಗಿದಳು. ಒಮ್ಮೆ, ಮತ್ತೊಮ್ಮೆ, ಇನ್ನೊಮ್ಮೆ. ತಾನಾಗುವುದರಲ್ಲಿ ಅವಳು ಪ್ರತಿಸಲವೂ ಫೇಲಾದಳು. “ಪರವಾಗಿಲ್ಲ ಮೇಡಂ, ಪ್ರಾಕ್ಟೀಸ್ ಮಾಡಿದರೆ ಬರುತ್ತೆ” ಎಂದು ಹೇಮಾಕ್ಷಿ ಭರವಸೆ ಕೊಟ್ಟಳು.

ಆದರೆ ಪ್ರತಿಸಲ ಬಾಗಿದಾಗಲೂ ಬೇರೇನೋ ಆಗುತ್ತಿತ್ತು. ಬ್ಯಾಡ್ಜು ಜೋಲುತ್ತಿತ್ತು, ಪಿನ್ನು ಹಳೆಯ ಸೀರೆಯ ಎಳೆಯನ್ನು ಒಂದೊಂದಾಗಿ ಬಿಡಿಸುತ್ತಿತ್ತು. ಚೆನ್ನಮ್ಮನ ಸಾಸಿವೆ ಯೂನಿಫಾರ್ಮಿನ ಅಂಚಿನಿಂದ ಒಂದು, ನಾಲ್ಕು, ಆಮೇಲೆ ಸಂಸಾರ ಸಮೇತ ಇಳಿದು ಹೊರಡುತ್ತಿತ್ತು. ಅನಸೂಯಾಗೆ ಅದು ಗೊತ್ತಾಗಲಿಲ್ಲ. ಪಿನ್ನಿಗೇ ಮಾತಾಡದ ಜಾಗ ಸಾಸಿವೆಗೆ ಮಾತಾಡುತ್ತದೆಯೇ? ಅವಳು ವಾರ್ಡಿನ ಈ ತುದಿಯಿಂದ ಆ ತುದಿಗೆ ಹೇಮಾಕ್ಷಿಯ ಹಿಂದೆ ನಡೆದಳು, ದುರ್ಗಾಪ್ರಸಾದರ ದಿಂಬು ಸರಿಮಾಡಿದಳು, ಫಣಿಯ ಮಂಚದ ಕೆಳಗೆ ಬಿದ್ದ ಅವನ ಕನ್ನಡಕ ಎತ್ತಿಕೊಟ್ಟಳು. ಎಡಗಡೆ ಏನೋ ಹಗುರ ಅನ್ನಿಸಿದ್ದನ್ನು ಮನಸ್ಸಿನ ಹಗುರ ಎಂದುಕೊಂಡಳು. ಎಡಭುಜ ನಿಧಾನವಾಗಿ ಮೇಲೇರತೊಡಗಿತ್ತು. ರೌಂಡ್ಸಿಗೆ ಬಂದ ಡಾಕ್ಟರು, “ಸಿಸ್ಟರ್, ಇವರ ಷುಗರ್ ಎಷ್ಟಿತ್ತು?” ಎಂದು ಇವಳ ಕಡೆ ತಿರುಗಿ, ಭುಜ ನೋಡಿ, ಉತ್ತರ ಸಿಕ್ಕಿತೆಂಬಂತೆ ಹೇಮಾಕ್ಷಿಯನ್ನು ಕೇಳಿದರು. ಅನಸೂಯಾಗೆ ಉತ್ತರ ಗೊತ್ತಿತ್ತು.

ಮಧ್ಯಾಹ್ನ ದುರ್ಗಾಪ್ರಸಾದರ ಕೈಯಲ್ಲಿ ಹಳೆಯ ಸೂಜಿಯಿದ್ದ ಜಾಗ ಬಾತುಕೊಂಡು, ಹೊಸದು ಹಾಕಬೇಕಾಯಿತು. ಹೇಮಾಕ್ಷಿ ಪರದೆ ಎಳೆದು, ಅನಸೂಯಾಳ ದನಿ ತೆಗೆದು, ಒಂದು ಸಲ ಚುಚ್ಚಿ ಸೋತಳು, ಇನ್ನೊಂದು ಸಲ ಸೋತಳು. ದನಿ ಇತ್ತು, ನರ ಇರಲಿಲ್ಲ. ಬೇರೆ ಸೂಜಿ ತರಲು ಅವಳು ಹೊರಗೆ ಬಂದ ಹೊತ್ತಿಗೇ ಫಣಿಯ ಹೆಂಡತಿ ಕಿರುಚಿದಳು. ಎರಡು ಮಂಚಗಳ ನಡುವಿನ ನೆಲದಲ್ಲಿ, ಬಿಳಿ ಟೈಲ್ಸಿನ ಮೇಲೆ, ಕಪ್ಪಗೆ ಸಾಲುಗಟ್ಟಿ ಸಾಸಿವೆ. ತೆಲುಗಿನಲ್ಲಿ ಸಾಸಿವೆಗೆ ಆವಾಲು. ಆವಾಲಿನ ಅಹವಾಲು ಅಲ್ಲಿಂದ ಶುರುವಾಯಿತು. ಸಾಸಿವೆ ಇಳಿತೆಗೆದು ದೃಷ್ಟಿ ತೆಗೆಯುವುದು ಯಾರಿಗೆ ಗೊತ್ತಿಲ್ಲ? ತೆಗೆದದ್ದನ್ನು ಮೂರು ದಾರಿ ಕೂಡುವಲ್ಲಿ ಎಸೆಯಬೇಕೇ ಹೊರತು ಪಕ್ಕದವರ ಮಂಚದ ಕೆಳಗಲ್ಲ. “ಚೇತಬಡಿ!” ಎಂದಳು ಅವಳು, ಮಾಟ. “ನಿಮ್ಮ ಯಜಮಾನರ ಷುಗರನ್ನು ನಮ್ಮವರಿಗೆ ಏರಿಸೋಕೆ ನೋಡ್ತೀರಾ? ನಾಳೆ ಆಪರೇಷನ್ ಇಟ್ಕೊಂಡು!” ದುರ್ಗಾಪ್ರಸಾದರ ಹೆಂಡತಿ ಸ್ಟೂಲಿನಿಂದೆದ್ದಳು. “ನಮ್ಮ ಷುಗರ್ ನಿಮಗ್ಯಾಕಮ್ಮ ಕೊಡೋಣ? ಮೂರು ತಲೆಮಾರಿನದು! ನಿಮ್ಮ ಪಿತ್ತದ ಕಲ್ಲು ನಮಗೆ ದಾಟಿಸೋಕೆ ನೀವೇ ಹಾಕಿರೋದು!” ಆ ಕಡೆಯ ಮಂಚದವರು ಎದ್ದು ತಮ್ಮ ತಮ್ಮ ನೆಲ ನೋಡಿಕೊಂಡರು. ಎಲ್ಲರ ಕೆಳಗೂ ಇತ್ತು. ಸಾವಿಲ್ಲದ ಮನೆಯ ಸಾಸಿವೆ ಎಲ್ಲಿ ಹುಡುಕಿದರೂ ಸಿಗುವುದಿಲ್ಲವಂತೆ. ಚೆನ್ನಮ್ಮನ ಸಾಸಿವೆ ಇಲ್ಲಿ ಹುಡುಕದವರಿಗೂ ಸಿಗುತ್ತಿತ್ತು. ಒಬ್ಬರು ಸಲೈನ್ ಕಂಬ ಹಿಡಿದುಕೊಂಡೇ ಬಾಗಿಲ ಕಡೆ ಹೊರಟರು. ಫಣಿ, “ನನ್ನನ್ನು ಡಿಸ್ಚಾರ್ಜ್ ಮಾಡಿ, ನಾನು ಕಲ್ಲಿನ ಜೊತೆಗೇ ಬದುಕ್ತೀನಿ” ಎಂದು ಕೈಯ ಸೂಜಿ ಕೀಳತೊಡಗಿದ. “ಯಾರು ಹಾಕಿದ್ದು ಹೇಳಿ ಸಿಸ್ಟರ್!” ಎಂದು ಎಲ್ಲರೂ ಒಟ್ಟಿಗೆ ಅನಸೂಯಾ ಕಡೆ ತಿರುಗಿದರು. ಅನಸೂಯಾ ವಾರ್ಡಿನ ನಡುಮಧ್ಯೆ, ಎಡಭುಜವನ್ನು ಕಿವಿಯವರೆಗೂ ಏರಿಸಿಕೊಂಡು, ‘ನನಗೇನ್ ಗೊತ್ತು’ ಎಂಬಂತೆ ನಿಂತಿದ್ದಳು.

ಅವಳಿಗೆ ಗೊತ್ತಾಗಿತ್ತು. ನೆಲದ ಸಾಲು ನೇರವಾಗಿ ಬಂದು ತನ್ನ ಎಡಗಾಲಿನ ಬಳಿ ಮುಗಿಯುತ್ತಿತ್ತು. ಈಗ ಮೆಲ್ಲಗೆ ಹಿಂದಕ್ಕೆ ಸರಿದು, ಲಿಫ್ಟು ಹತ್ತಿ, ಕೆಳಗೆ ಹೋಗಿ ತಿರುಗುವ ಕುರ್ಚಿಯಲ್ಲಿ ಕೂತುಬಿಟ್ಟರೆ? ಗುಡಿಸುವವರು ಗುಡಿಸುತ್ತಾರೆ, ಜಗಳ ಆರುತ್ತದೆ, ಯಾರಿಗೂ ಯಾವ ಚೀಲದ ವಿಷಯವೂ ತಿಳಿಯುವುದಿಲ್ಲ. ಕಿಟಕಿ ಪಕ್ಕದ ಮಂಚದವಳು ಒಳಗಿನಿಂ‌ದ ‘ಸರಿ ಮೇಡಂ, ಹೋಗೋಣ ಮೇಡಂ’ ಎನ್ನುತ್ತಿದ್ದಳು. ಅಷ್ಟರಲ್ಲಿ ಫಣಿ ಕಿತ್ತ ಪ್ಲಾಸ್ಟರಿನ ಕೆಳಗೆ ಕೆಂಪು ಕಂಡಿತು. ಎಷ್ಟು ಚೆನ್ನಾಗಿ ಕೂತಿದ್ದ ಸೂಜಿ! ಅದನ್ನು ಕಂಡದ್ದೇ ಅವಳ ಗಂಟಲು ಅವಳನ್ನು ಕೇಳದೆ ತೆರೆದುಕೊಂಡಿತು. “ಏಮಂಡಿ!! ಮುಟ್ಟಿದರೆ ನೋಡು! ಆ ಚೆಯ್ಯಿ ತೀಯಂಡಿ ರೀ! ಎಲ್ಲಾರೂ ಅವರವರ ಮಂಚದ ಮ್ಯಾಲ ಕೂಡ್ರಿ! ಈಗ! ಅಂತೇ ರೀ!” ಅರ್ಧ ತೆಲುಗು, ಅರ್ಧ ಹಾವೇರಿ. ವಾರ್ಡು ಕೂತಿತು. ಸಲೈನ್ ಕಂಬದವರೂ ಇದ್ದಲ್ಲೇ, ಯಾರದೋ ಮಂಚದ ಮೇಲೆ ಕೂತರು. ಫಣಿ ಎರಡೂ ಕೈ ಮೇಲೆತ್ತಿದ. ಆ ನಿಶ್ಶಬ್ದದಲ್ಲಿ, ಎಳೆದ ಪರದೆಯ ಒಳಗಿನಿಂದ, ಏನೂ ಕಾಣದೆ ಮಲಗಿದ್ದ ದುರ್ಗಾಪ್ರಸಾದರ ಮೆಚ್ಚುಗೆ ತೇಲಿಬಂತು: “ಹೇಮಾಕ್ಷೀ! ಈವಾಳ ಅದಿರಿಂದಿ! ಅಚ್ಚಂ ಆವಿಡಲಾಗೇ ಉಂದಿ!” ಇವತ್ತು ಭರ್ಜರಿಯಾಗಿ ಬಂತು, ಥೇಟ್ ಆಯಮ್ಮನ ಹಾಗೇ.

“ಆ ಆವಾಲು ನಾವಿ” ಎಂದಳು ಅನಸೂಯಾ. ಆ ಸಾಸಿವೆ ನನ್ನವು. ಮಾಟ ಅಲ್ಲ, ಮಂತ್ರ ಅಲ್ಲ. ಕ್ಯಾನ್ಸರಿಗೆ ಎಡಗಡೆ ತೆಗೆದರು, ಅತ್ತೆ ಸಾಸಿವೆ ತುಂಬಿ ಕೊಟ್ಟಳು, ಬೆಳಿಗ್ಗೆ ತೂತಾಯಿತು, ನಿಮ್ಮ ಮಂಚದ ಕೆಳಗೆಲ್ಲ ಚೆಲ್ಲಿದ್ದೇನೆ. ಒಂದೇ ಉಸಿರಿನಲ್ಲಿ, ಷುಗರ್ ಎಷ್ಟೆಂದು ಹೇಳುವ ಹಾಗೆ ಹೇಳಿದಳು. ಫಣಿಯ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ಅದು ಅಳುವೋ ನಗುವೋ ತಿಳಿಯಲಿಲ್ಲ, ಬಹುಶಃ ‘ಇಲ್ಲ, ಸ್ವಲ್ಪ’. ದುರ್ಗಾಪ್ರಸಾದರ ಹೆಂಡತಿ ಕೆಳಗೆ ಕೂತು ಒಂದು ಚಿಟಿಕೆ ಎತ್ತಿ ಅಂಗೈಯಲ್ಲಿ ಉರುಳಿಸಿ ನೋಡಿ, “ಒಳ್ಳೇ ಮಾಲು. ನಮ್ಮ ಕಡೆ ಈಗ ಇಂಥದು ಬರೋದೇ ಇಲ್ಲ” ಎಂದಳು. ವ್ಯಾಪಾರಿಯ ಹೆಂಡತಿ.

ಗದ್ದಲ ಕೇಳಿ ಸಾಯಿಲಕ್ಷ್ಮಿ ಮೇಡಂ ಆಗಲೇ ಬಾಗಿಲಲ್ಲಿದ್ದರು. ನೆಲ ನೋಡಿದರು, ಯಾರದೋ ಮಂಚದಲ್ಲಿ ಕೂತ ಸಲೈನ್ ಕಂಬ ನೋಡಿದರು. “ಈ ವಾರ್ಡಿಗೆ ಇಂಚಾರ್ಜ್ ಯಾರು?” ಎಂದರು. ಹೇಮಾಕ್ಷಿ ಒಂದು ಹೆಜ್ಜೆ ಹಿಂದೆ ಸರಿದಳು. “ನೇನೇ ರೀ” ಎಂದಳು ಅನಸೂಯಾ, ನಾನೇ, ಮತ್ತು ‘ರೀ’ ಎನ್ನುವಾಗ ಜಗಳಕ್ಕೆ ಬಂದವಳ ಹಾಗೆ ಮುಂದಕ್ಕೆ ಬಾಗಿದಳು. ಬಾಗಿದ ರಭಸಕ್ಕೆ ಉಳಿದದ್ದೂ ಸುರಿಯಿತು. ಅವಳು ಒಂದು ಅಂಗೈ ಕೆಳಗೆ ಹಿಡಿದು, ಇನ್ನೊಂದರಿಂದ ಪಿನ್ನು ಕಿತ್ತು, ಬ್ಯಾಡ್ಜನ್ನೂ ಒಂದು ಹಿಡಿ ಸಾಸಿವೆಯನ್ನೂ ಮೇಡಂ ಕೈಗೆ ಕೊಟ್ಟಳು. ಮೇಡಂ ಬ್ಯಾಡ್ಜು ನೋಡಿದರು, ಸಾಸಿವೆ ನೋಡಿದರು, ಇವಳ ಎಡಭುಜ ನೋಡಿದರು. ಬೆಳಗಿನ ಫೋಟೋ ಅವರ ಮುಖದಲ್ಲಿ ನಿಧಾನವಾಗಿ ಡೆವಲಪ್ ಆಯಿತು. “ಅಯ್ಯಯ್ಯೋ, ನಾನು... ಅಷ್ಟೊಂದು ಒಳಗೆ... ನೋವಾಗಲಿಲ್ಲವಾ ಅಮ್ಮಾ?” “ಪಿನ್ನು ನೋಯಲಿಲ್ಲ ಮೇಡಂ” ಎಂದಳು ಅನಸೂಯಾ. “ಬ್ಯಾಡ್ಜು ನೋಯ್ತು.”

ಮೇಡಂ ಸಾಸಿವೆಯನ್ನು ಹೇಮಾಕ್ಷಿಯ ಅಂಗೈಗೆ ದಾಟಿಸಿದರು. ಅವರ ಗಲ್ಲ ಅದುರುತ್ತಿತ್ತು. ಸೂಪರಿಂಟೆಂಡೆಂಟರು ವಾರ್ಡಿನಲ್ಲಿ ನಗಬಾರದೆಂದು ಎಲ್ಲೂ ಹೇಳಿಲ್ಲವಾದರೂ ಅವರು ಇದುವರೆಗೆ ನಕ್ಕಿರಲಿಲ್ಲ. ಬ್ಯಾಡ್ಜನ್ನು ಜೇಬಿಗೆ ಹಾಕಿಕೊಂಡರು. “ನೆಲ ಗುಡಿಸಿಸು. ಭಾರ ಎತ್ತೋಕೆ ಅಟೆಂಡರ್ ಕರಿ. ನಿನ್ನ ಕೈಯಲ್ಲಿ ಒಂದು ದಿಂಬು ಕಂಡರೂ ಕೆಳಗಿನ ಕುರ್ಚಿ ಗ್ಯಾರಂಟಿ” ಎಂದು ತಿರುಗಿದವರು, ಬಾಗಿಲಲ್ಲಿ ನಿಂತು ಸೊಂಟದ ಮೇಲೆ ಕೈಯಿಟ್ಟು, ತೀರಾ ಕೆಟ್ಟದಾಗಿ, “ಅಂತೇ ರೀ!” ಎಂದರು. ಇವರೂ! ಮೇಡಂ ಹೋದಮೇಲೆ ಹೇಮಾಕ್ಷಿ ಪಿಸುಗುಟ್ಟಿದಳು: “ಅವರಿಗೆ ಇನ್ನೂ ಪ್ರಾಕ್ಟೀಸ್ ಬೇಕು ಮೇಡಂ.”

ಜೇಬಿನಲ್ಲಿ ಫೋನು ಬೆಳಗಿನಿಂದ ಹೊಡೆದುಕೊಳ್ಳುತ್ತಲೇ ಇತ್ತು. ಒನ್ ಟೌನಿನಿಂದ ಮಹಾಬಲೇಶ್ವರ. “ಊಟಾ ಆತೇನ? ಏನೂ ಎತ್ತಿಲ್ಲಲ್ಲ ನೀ?” ಹಿಂದೆ ನೋಟು ಎಣಿಸುವ ಯಂತ್ರದ ಸದ್ದು. “ದನಿ ಎತ್ತೇನ್ರಿ” ಎಂದಳು. “ಆಂ?” “ದನಿ, ದನಿ. ಅತ್ತೀಗೆ ಹೇಳ್ರಿ, ಈ ಸಲ ಹೊಸಾ ಅರಬಿ ಹಾಕಿ, ಎರಡ ಹೊಲಿಗಿ ಹಾಕ್ಲಿ ಅಂತ. ಹಳೇ ಸೀರಿ ನಂಬಿಕಿಗಿಲ್ಲ.” ಮಹಾಬಲೇಶ್ವರನಿಗೆ ಏನೂ ಅರ್ಥವಾಗದೆ, ಅರ್ಥವಾಗದ್ದಕ್ಕೆಲ್ಲ ಹೇಳುವ ಹಾಗೆ, “ಆತು, ನಾ ಪಾರ್ಕಿಂಗ್ ನೋಡಿ ಬರ್ತೀನಿ” ಎಂದು ಫೋನಿಟ್ಟ.

ಟ್ರೇ ಎತ್ತಿಕೊಂಡು, ಭುಜ ಇದ್ದ ಹಾಗೇ ಇರಲೆಂದು ಬಿಟ್ಟು, ಅವಳು ಪರದೆ ಸರಿಸಿದಳು. ದುರ್ಗಾಪ್ರಸಾದ್ ಎರಡು ಹತ್ತಿ ಅಂಟಿಸಿಕೊಂಡ ಕೈಯನ್ನು ಹೊದಿಕೆಯೊಳಗೆ ಬಚ್ಚಿಟ್ಟುಕೊಂಡಿದ್ದರು. “ಈಗ ಬಂದಿರೋದು ಹೇಮಾಕ್ಷಿಯಾ, ಅಸಲಿಯಾ?” ಎಂದರು. “ಚುಚ್ಚಿದ ಮೇಲೆ ನೀವೇ ಹೇಳಿ. ಪೇರು ಚೆಪ್ಪಂಡಿ, ಪುಟ್ಟಿನ ತೇದೀ ಚೆಪ್ಪಂಡಿ.” ಬೆಲ್ಲದ ವ್ಯಾಪಾರಿಯ ಕಣ್ಣಿನಲ್ಲಿ ತುಂಟತನ ಪಾಕವಾಯಿತು. ಗಂಟಲು ಸರಿಮಾಡಿಕೊಂಡು, ತೆಳ್ಳಗಿನ ವಿಧೇಯ ದನಿಯಲ್ಲಿ, ಬೆಳಿಗ್ಗೆ ಕೇಳಿಸಿಕೊಂಡದ್ದರಲ್ಲಿ ಒಂದಕ್ಷರ ತಪ್ಪದಂತೆ, “ಅನಸೂಯಾ” ಎಂದು ಅವಳ ಹುಟ್ಟಿದ ತಾರೀಖು ಒಪ್ಪಿಸಿ, ಬಲಗೈ ಚಾಚಿದರು. ಕಿಟಕಿ ಪಕ್ಕದ ಮಂಚದವಳೇ. ಎದುರಿಗೆ ಮಲಗಿ, ಕೈ ಚಾಚಿ, ಕಾಯುತ್ತಿದ್ದಳು. ಅನಸೂಯಾ ಆ ಕೈ ತೆಗೆದುಕೊಂಡಳು. ಬೆರಳ ತುದಿಯಿಂದ ಚರ್ಮದ ಮೇಲೆ ಮೆಲ್ಲಗೆ ತಟ್ಟಿದಳು, ಇಲ್ಲಿಲ್ಲ, ಇಲ್ಲಿಲ್ಲ, ಇಲ್ಲಿದೆ.

“ಚೀಮ ಕುಟ್ಟಿನಟ್ಟು” ಎಂದಳು. ಸೂಜಿಯ ಬುಡದಲ್ಲಿ ಕೆಂಪಗೆ ಸಾಸಿವೆ ಕಾಳಿನಷ್ಟು ರಕ್ತ ಬಂದು ನಿಂತಿತು. ದುರ್ಗಾಪ್ರಸಾದ್ ಒಂದು ಕಣ್ಣು ತೆರೆದು ನೋಡಿ, “ಅಸಲಿ” ಎಂದರು.